ತೋಟದ ಮನೆಯ ಬಾಲ್ಯ, ಕೂಲಿ ಮನೆಯ ಬಾಲ್ಯ

ಬೆಳಿಗ್ಗೆ ಏಳೂವರೆಯ ಹೊತ್ತು. ಶ್ರಾವಣದ ದಿನಗಳಲ್ಲಿ ಬೀರೂರು–ಅಜ್ಜಂಪುರ ರಸ್ತೆಯ ಯಾವುದಾದರೂ ಹಳ್ಳಿಯ ಕ್ರಾಸಿನಲ್ಲಿ ನಿಂತು ನೋಡಿ. ಹಳದಿ ಬಣ್ಣದ ಶಾಲಾ ವ್ಯಾನು ಬಂದು ನಿಲ್ಲುತ್ತದೆ. ಟೈ ಕಟ್ಟಿಕೊಂಡ ಯುಕೆಜಿ ಹುಡುಗನನ್ನು ಅಪ್ಪ ಬೈಕಿನಿಂದ ಇಳಿಸುತ್ತಾನೆ. ಅಷ್ಟರಲ್ಲಿ ಮನೆಯಿಂದ ಫೋನು: ‘ಡೈರೀಲಿ ಮಿಸ್ ಬರ್ದಿದ್ರಲ್ಲ, ಸೈನ್ ಹಾಕಿದ್ರೇನ್ರಿ?’

ವ್ಯಾನು ಹೋಗಿ ಹತ್ತು ನಿಮಿಷಕ್ಕೆ ಅದೇ ಜಾಗಕ್ಕೆ ಗೂಡ್ಸ್ ಗಾಡಿಯೊಂದು ಬರುತ್ತದೆ. ಈರುಳ್ಳಿ ಹೊಲಕ್ಕೆ ಕಳೆ ತೆಗೆಯಲು ಹೊರಟ ಹೆಂಗಸರು ಬುತ್ತಿಯ ಗಂಟು ಹಿಡಿದು ಹಿಂಬದಿಗೆ ಹತ್ತುತ್ತಾರೆ. ಅವರಲ್ಲೊಬ್ಬಳು ಗಾಡಿ ಹೊರಡುವಾಗಲೇ ಕೂಗಿ ಮಗಳಿಗೆ ಹೇಳುತ್ತಾಳೆ: ‘ತಮ್ಮುನ್ನ ಅಂಗನವಾಡಿಗೆ ಬಿಟ್ಟು, ಬಾಗ್ಲಿಗೆ ಬೀಗ ಹಾಕ್ಕಂಡು ಇಸ್ಕೂಲಿಗೆ ಹೋಗವ್ವ.’ ಮಗಳಿಗೆ ಹನ್ನೊಂದು ವರ್ಷ ಇದ್ದೀತು. ಬೀಗದ ಕೈ ಅವಳ ಕೊರಳ ದಾರದಲ್ಲಿ ತೂಗುತ್ತಿರುತ್ತದೆ.

ಈ ಇಬ್ಬರು ತಾಯಂದಿರ ಮಮತೆಯಲ್ಲಿ ವ್ಯತ್ಯಾಸವಿಲ್ಲ. ಆದರೂ ಒಬ್ಬಳ ಮಗುವಿನ ದಿನ ಗಂಟೆಗಂಟೆಗೂ ದೊಡ್ಡವರ ಕಣ್ಣಳತೆಯಲ್ಲಿ ನಡೆಯುತ್ತದೆ. ಇನ್ನೊಬ್ಬಳ ಮಗಳು ಅರ್ಧ ತಾಯಿಯಾಗಿಯೇ ಬೆಳೆಯುತ್ತಾಳೆ. ಹಳ್ಳಿಯ ಶಾಲೆಗಳಲ್ಲಿ ಮೇಷ್ಟ್ರು, ಮೇಡಂಗಳು ಬೇಸರದಿಂದ ಹೇಳುವ ಮಾತೊಂದಿದೆ: ‘ಈ ಪೋಷಕರಿಗೆ ಮಕ್ಕಳ ಬಗ್ಗೆ ಕಾಳಜಿನೇ ಇಲ್ಲ.’ ಕಳೆದ ಎರಡೂವರೆ ದಶಕಗಳಲ್ಲಿ ಸಮಾಜಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಮಾಡಿರುವ ಕೆಲಸವನ್ನು ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ನೆಲದಲ್ಲಿಟ್ಟು ನೋಡಿದರೆ, ಆ ಮಾತು ಎಷ್ಟು ತಪ್ಪೆಂದು ತಿಳಿಯುತ್ತದೆ.

ನೀರು ಇದ್ದವರು, ಇಲ್ಲದವರು

ಚಿಕ್ಕಮಗಳೂರು ಜಿಲ್ಲೆ ಎಂದರೆ ಹೊರಗಿನವರ ಕಣ್ಣಿಗೆ ಕಾಫಿ, ಮಂಜು, ಮಳೆ. ಅದೇ ಜಿಲ್ಲೆಯ ಶೃಂಗೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಕಡೂರಿಗೆ ಬೀಳುವುದು ಸುಮಾರು ಆರುನೂರು. ಇದು ರಾಗಿ, ತೆಂಗು, ಈರುಳ್ಳಿಯ ಬಯಲುಸೀಮೆ. ತರೀಕೆರೆಯ ಒಂದು ಮಗ್ಗುಲಿಗೆ ಲಕ್ಕವಳ್ಳಿಯ ಭದ್ರಾ ಜಲಾಶಯವಿದೆ, ಕೆಮ್ಮಣ್ಣುಗುಂಡಿಯ ಬೆಟ್ಟಸಾಲಿದೆ. ಇನ್ನೊಂದು ಮಗ್ಗುಲು ಒಣನೆಲ. ಮೊದಲು ತರೀಕೆರೆಗೇ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದ ಬಳಿ ಭದ್ರಾ ಮೇಲ್ದಂಡೆ ಯೋಜನೆಗಾಗಿ ಸುಮಾರು ಏಳು ಕಿಲೋಮೀಟರ್ ಸುರಂಗ ಕೊರೆದು ಚಿತ್ರದುರ್ಗದ ಕಡೆಗೆ ನೀರು ಹರಿಸಲಾಗಿದೆ.

ಇಂಥ ಸೀಮೆಯಲ್ಲಿ ಮನೆಯ ಸ್ಥಿತಿಗತಿಯನ್ನು ನಿರ್ಧರಿಸುವುದು ನೀರು. ಕೊಳವೆಬಾವಿಯಲ್ಲಿ ನೀರು ಬಿದ್ದವನು ಅಡಿಕೆ ಹಾಕಿದ. ಅಡಿಕೆಗೆ ಬೆಲೆ ಬಂದಾಗ ಮನೆ ಕಟ್ಟಿದ, ಕಾರು ತಂದ, ಮಕ್ಕಳನ್ನು ವ್ಯಾನು ಹತ್ತಿಸಿದ. ನಾಲ್ಕು ಕಡೆ ಕೊರೆಸಿಯೂ ನೀರು ಕಾಣದವನು ಸಾಲಗಾರನಾದ. ನೆಲವೇ ಇಲ್ಲದವರು ಮೊದಲಿನಂತೆ ಕೂಲಿಗೆ ಹೋದರು, ಈಗ ಅದೇ ತೋಟಗಳಿಗೆ. ಎರಡೇ ತಲೆಮಾರಿನ ಹಿಂದೆ ಹೆಚ್ಚುಕಡಿಮೆ ಒಂದೇ ರಾಗಿಮುದ್ದೆ ಉಣ್ಣುತ್ತಿದ್ದ ಮನೆಗಳ ನಡುವೆ ಬಿದ್ದ ಅಂತರ ಇದು.

ಈ ಅಂತರಕ್ಕೆ ನಕ್ಷೆಯೂ ಇದೆ. ಊರ ನಡುವೆ ಊರಿನವರು, ಅಂಚಿನಲ್ಲಿ ದಲಿತರ ಕೇರಿ ಅಥವಾ ಕಾಲೊನಿ, ಒಂದೆರಡು ಮೈಲಿ ಆಚೆಗೆ ಗೊಲ್ಲರಹಟ್ಟಿ, ಇನ್ನೂ ಆಚೆ ಗುಡ್ಡದ ಬುಡದಲ್ಲಿ ಲಂಬಾಣಿ ತಾಂಡಾ. ಜಾತಿ ಎಳೆದ ಗೆರೆಯ ಮೇಲೆ ಈಗ ಆದಾಯದ ಗೆರೆಯೂ ಬಿದ್ದಿದೆ. ಮಗು ಯಾರ ಜೊತೆ ಆಡುತ್ತದೆ, ಯಾವ ಮಾತು ಕೇಳುತ್ತದೆ, ದೊಡ್ಡವನಾದ ಮೇಲೆ ಏನಾಗಬಹುದೆಂದು ಕನಸುತ್ತದೆ ಎಂಬುದೆಲ್ಲ ಬಹುಮಟ್ಟಿಗೆ ಈ ನಕ್ಷೆಯಲ್ಲಿ ಬರೆದಿರುತ್ತದೆ.

ಕೇಳುವ ಮಗು, ಸುಮ್ಮನಿರುವ ಮಗು

ಅಮೆರಿಕದ ಸಮಾಜಶಾಸ್ತ್ರಜ್ಞೆ ಆನೆಟ್ ಲರೋ 2003ರಲ್ಲಿ ‘ಅನ್‌ಈಕ್ವಲ್ ಚೈಲ್ಡ್‌ಹುಡ್ಸ್’ ಎಂಬ ಪುಸ್ತಕ ಪ್ರಕಟಿಸಿದರು. ಉಳ್ಳವರ ಮತ್ತು ದುಡಿಯುವವರ ಮನೆಗಳಲ್ಲಿ ತಾವೂ ತಮ್ಮ ತಂಡದವರೂ ದಿನಗಟ್ಟಲೆ ಕುಳಿತು, ಅಡುಗೆಮನೆಯಿಂದ ಡಾಕ್ಟರ ಕೋಣೆಯವರೆಗೆ ಹಿಂಬಾಲಿಸಿ ಬರೆದದ್ದು. ಮಧ್ಯಮ ವರ್ಗದ ತಾಯ್ತಂದೆ ಮಗುವನ್ನು ಗಿಡ ತಿದ್ದಿದ ಹಾಗೆ ತಿದ್ದಿ ಬೆಳೆಸುತ್ತಾರೆ: ಕ್ಲಾಸು, ಆಟ, ಸಂಗೀತ, ಎಲ್ಲಕ್ಕೂ ವೇಳಾಪಟ್ಟಿ. ದುಡಿಯುವ ವರ್ಗದವರು ಊಟ, ಬಟ್ಟೆ, ಸೂರು, ಪ್ರೀತಿ ಕೊಟ್ಟು, ಮಗು ತಾನಾಗಿ ಬೆಳೆಯುತ್ತದೆ ಎಂದು ಬಿಡುತ್ತಾರೆ. ಇದು ಅವರು ಕಂಡ ದೊಡ್ಡ ವ್ಯತ್ಯಾಸ.

ನಮಗೆ ಹೆಚ್ಚು ಮುಖ್ಯವಾಗಬೇಕಾದದ್ದು ಲರೋ ಮಾತಿನ ಬಗ್ಗೆ ಗಮನಿಸಿದ ಸಂಗತಿ. ತೋಟದ ಮನೆಯಲ್ಲಿ ಮಗ ಕಡಿಮೆ ಅಂಕ ತಂದರೆ ಅಪ್ಪ ಕೇಳುವುದು: ‘ಯಾಕೆ ಕಟ್ ಮಾಡಿದ್ದಾರೆ? ಮಿಸ್ ಹತ್ರ ಕೇಳಿದ್ಯಾ? ನಾಳೆ ನಾನೇ ಬಂದು ಮಾತಾಡ್ತೀನಿ.’ ಕೂಲಿ ಮನೆಯಲ್ಲಿ ಅದೇ ಅಂಕಕ್ಕೆ ತಾಯಿಯಿಂದ ಬರುವ ಮಾತು: ‘ಮೇಷ್ಟ್ರು ಹೇಳ್ದಂಗೆ ಕೇಳು. ಎದುರು ಮಾತಾಡ್ಬ್ಯಾಡ.’

ಮೊದಲ ಮಗು ಅಧಿಕಾರದಲ್ಲಿರುವವರನ್ನು ಕೇಳಬಹುದು, ಕೇಳಿದರೆ ಸಿಗುತ್ತದೆ ಎಂದು ಕಲಿಯಿತು. ಎರಡನೆಯದು ದೊಡ್ಡವರ ಮುಂದೆ ತಲೆ ತಗ್ಗಿಸಿ ನಿಲ್ಲುವುದೇ ಕ್ಷೇಮ ಎಂದು ಕಲಿಯಿತು. ಆ ತಾಯಿ ಹೇಳಿದ್ದು ಅಜ್ಞಾನದಿಂದಲ್ಲ. ತಾಲ್ಲೂಕು ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ತೋಟದ ಯಜಮಾನರ ಅಂಗಳದಲ್ಲಿ ಎದುರು ಮಾತಾಡಿದರೆ ಏನಾಗುತ್ತದೆ ಎಂಬುದನ್ನು ಅವಳು ಕಂಡಿದ್ದಾಳೆ, ತಾನು ಕಂಡ ಜಗತ್ತಿಗೆ ಮಗನನ್ನು ಸಿದ್ಧಪಡಿಸುತ್ತಿದ್ದಾಳೆ. ಕಷ್ಟ ಬರುವುದು, ಹತ್ತು ವರ್ಷದ ನಂತರ ಅದೇ ಹುಡುಗ ಕಾಲೇಜಿನ ಸಂದರ್ಶನದಲ್ಲಿ ಕುಳಿತಾಗ. ಅಲ್ಲಿ ಸುಮ್ಮನಿದ್ದವನಿಗೆ ಬೆಲೆಯಿಲ್ಲ.

ಲರೋ ಇನ್ನೊಂದು ಮಾತನ್ನೂ ದಾಖಲಿಸಿದ್ದಾರೆ. ದುಡಿಯುವವರ ಮಕ್ಕಳಿಗೆ ಆಡಲು ಹೆಚ್ಚು ಸಮಯವಿತ್ತು, ಬಂಧುಬಳಗದ ಒಡನಾಟ ಗಾಢವಾಗಿತ್ತು, ಬೇಸರ ಎಂಬ ದೂರು ಕಡಿಮೆ. ನಮ್ಮ ಹಟ್ಟಿ, ತಾಂಡಾಗಳಲ್ಲಿ ಸಂಜೆ ಹೊತ್ತು ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮೂರು ವರ್ಷದ ಕೂಸು ಯಾರ ಮನೆಯಲ್ಲಿ ಉಂಡಿತು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಚಿಕ್ಕಮ್ಮ, ದೊಡ್ಡಮ್ಮ, ಅಜ್ಜಿ, ಪಕ್ಕದ ಮನೆಯ ಅಕ್ಕ ಎಲ್ಲರೂ ಬೈಯುತ್ತಾರೆ, ಎಲ್ಲರೂ ತುತ್ತು ಹಾಕುತ್ತಾರೆ. ವ್ಯಾನಿನಲ್ಲಿ ಹೋಗಿ, ಟ್ಯೂಷನ್ ಮುಗಿಸಿ, ಏಳು ಗಂಟೆಗೆ ಮನೆ ಸೇರುವ ತೋಟದ ಮನೆಯ ಹುಡುಗನಿಗೆ ಈ ಸಂಪತ್ತು ತಪ್ಪಿಹೋಗಿದೆ. ಅದೂ ನಷ್ಟವೇ.

ಅಂತರ ಹೆಚ್ಚಿದಷ್ಟೂ ಆತಂಕ

ಹಾಗಾದರೆ ಉಳ್ಳವರು ಯಾಕೆ ಇಷ್ಟು ಆತಂಕದಲ್ಲಿದ್ದಾರೆ? ಅರ್ಥಶಾಸ್ತ್ರಜ್ಞರಾದ ಮಥಿಯಾಸ್ ಡೋಪ್ಕೆ ಮತ್ತು ಫ್ಯಾಬ್ರಿಜಿಯೊ ಜಿಲಿಬೋಟಿ 2019ರಲ್ಲಿ ಬರೆದ ‘ಲವ್, ಮನಿ ಅಂಡ್ ಪೇರೆಂಟಿಂಗ್’ ಈ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ಬೇರೆ ಬೇರೆ ದೇಶಗಳ ಸಮೀಕ್ಷೆಗಳನ್ನು ಪಕ್ಕಪಕ್ಕ ಇಟ್ಟಾಗ ಅವರಿಗೆ ಕಂಡದ್ದು ಇದು: ಆದಾಯದ ಅಂತರ ಕಡಿಮೆ ಇರುವ ಸ್ವೀಡನ್ನಿನಂಥ ಕಡೆ ತಾಯ್ತಂದೆಯರು ಮಕ್ಕಳಲ್ಲಿ ಕಲ್ಪನೆ, ಸ್ವಾತಂತ್ರ್ಯ ಇರಬೇಕೆನ್ನುತ್ತಾರೆ. ಅಂತರ ಹೆಚ್ಚಿರುವ ಅಮೆರಿಕ, ಚೀನಾಗಳಲ್ಲಿ ‘ಕಷ್ಟಪಟ್ಟು ದುಡಿಯಬೇಕು’ ಎನ್ನುತ್ತಾರೆ. ಮಕ್ಕಳ ಬೆನ್ನು ಹತ್ತುತ್ತಾರೆ.

ಕಾರಣ ಸರಳ. ಡಾಕ್ಟರಾದರೂ ಬಸ್ ಚಾಲಕನಾದರೂ ಮರ್ಯಾದೆಯ ಬದುಕು ಸಿಗುವ ಕಡೆ, ಮಗ ಬಡಗಿಯಾಗುತ್ತೇನೆ ಎಂದರೆ ಅಪ್ಪನಿಗೆ ನಿದ್ದೆ ಕೆಡುವುದಿಲ್ಲ. ಭಾರತದಲ್ಲಿ ಹಾಗಿಲ್ಲ. ‘ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್’ನ ಸಂಶೋಧಕರು 2024ರಲ್ಲಿ ಅಂದಾಜು ಮಾಡಿದಂತೆ, 2022–23ರಲ್ಲಿ ದೇಶದ ಒಟ್ಟು ಆದಾಯದ ಶೇ 22.6ರಷ್ಟು ಮೇಲಿನ ಶೇ 1ರಷ್ಟು ಜನರ ಪಾಲಾಗಿತ್ತು. ಇಲ್ಲಿ ಒಂದು ಸೀಟು ಕೈತಪ್ಪಿದರೆ ಜೀವನವೇ ಕೈತಪ್ಪಿತು ಎಂಬ ಭಯ ಹುಟ್ಟುವುದು ಸಹಜ.

ಆ ಭಯವೇ ಕಡೂರು, ಬೀರೂರಿನ ಮಕ್ಕಳನ್ನು ಹತ್ತನೇ ತರಗತಿ ಮುಗಿದ ಮರುದಿನ ಮೂಡುಬಿದಿರೆ, ಮಂಗಳೂರು, ದಾವಣಗೆರೆಯ ಹಾಸ್ಟೆಲುಗಳಿಗೆ ಸಾಗಿಸುತ್ತಿದೆ. ‘ನೀಟ್’, ‘ಸಿಇಟಿ’ ಎಂಬ ಎರಡು ಪದಗಳ ಸುತ್ತ ಇಡೀ ಮನೆಯ ಎರಡು ವರ್ಷ ಸುತ್ತುತ್ತದೆ. ಐದಾರು ವರ್ಷ ಕಾದು ಫಸಲು ಕಂಡ ತೋಟದ ದುಡ್ಡು ಫೀಸಾಗಿ ಹೋಗುತ್ತದೆ. ಆ ತಂದೆಯನ್ನು ದುರಾಸೆಯವನೆಂದು ಬೈಯುವುದು ಸುಲಭ. ಅಂತರ್ಜಲ ವರ್ಷವರ್ಷಕ್ಕೂ ಕೆಳಗಿಳಿಯುತ್ತಿರುವ ಸೀಮೆಯಲ್ಲಿ ತನ್ನ ಬೋರು ಇನ್ನೆಷ್ಟು ವರ್ಷವೋ ಎಂಬ ಲೆಕ್ಕ ಅವನ ತಲೆಯಲ್ಲಿದೆ. ಮಗನಿಗೆ ತೋಟ ಉಳಿಯುವ ಭರವಸೆ ಅವನಿಗೇ ಇಲ್ಲ.

ಬಡವರ ಮನೆಗೆ ಇದೇ ಸ್ಪರ್ಧೆ ಬೇರೆ ರೂಪದಲ್ಲಿ ಬರುತ್ತದೆ. ಬಾಳೆಹೊನ್ನೂರಿನಲ್ಲಿರುವ ಜಿಲ್ಲೆಯ ನವೋದಯ ಶಾಲೆಯಲ್ಲಿ ಆರನೇ ತರಗತಿಗೆ 80 ಸೀಟು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೂ ಪ್ರವೇಶ ಪರೀಕ್ಷೆ. ಹತ್ತು ವರ್ಷದ ಮಗು ಬರೆಯುವ ಒಂದು ಪರೀಕ್ಷೆ ಇಡೀ ಮನೆಯ ಆಸೆಯನ್ನು ಹೊರುತ್ತದೆ.

ಕೊಯ್ಲಿಗೆ ಮುಂಚೆ, ಕೊಯ್ಲಾದ ಮೇಲೆ

ಬಡವರು ಮಕ್ಕಳಿಗೆ ಬೇಗ ಹೊಡೆಯುತ್ತಾರೆ, ಬೇಗ ರೇಗುತ್ತಾರೆ ಎಂಬ ದೂರಿನಲ್ಲಿ ಸ್ವಲ್ಪ ಸತ್ಯವಿದೆ. ಅದರ ಬೇರು ಎಲ್ಲಿದೆ ಎಂಬುದಕ್ಕೆ ನೆರೆಯ ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದ ಅಧ್ಯಯನ ಬೆಳಕು ಚೆಲ್ಲುತ್ತದೆ. ‘ಸೈನ್ಸ್’ ಪತ್ರಿಕೆಯಲ್ಲಿ 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಆನಂದಿ ಮಣಿ, ಸೆಂದಿಲ್ ಮುಲೈನಾಥನ್ ಮತ್ತು ಸಂಗಡಿಗರು ಅದೇ ರೈತರನ್ನು ಎರಡು ಸಲ ಪರೀಕ್ಷಿಸಿದರು: ಕೊಯ್ಲಿಗೆ ಮುಂಚೆ, ಕೈ ಖಾಲಿಯಾಗಿದ್ದಾಗ ಒಮ್ಮೆ, ಕೊಯ್ಲಾಗಿ ಹಣ ಬಂದ ಮೇಲೆ ಇನ್ನೊಮ್ಮೆ. ಗಮನ, ಯೋಚನೆ ಬೇಡುವ ಸಣ್ಣ ಪರೀಕ್ಷೆಗಳಲ್ಲಿ ಮೊದಲ ಸಲ ಅವರು ಗಣನೀಯವಾಗಿ ಹಿಂದೆ ಬಿದ್ದರು. ಮನುಷ್ಯ ಅವನೇ. ಬದಲಾದದ್ದು ತಲೆಯೊಳಗಿನ ಚಿಂತೆಯ ಭಾರ.

ಅಜ್ಜಂಪುರದ ಈರುಳ್ಳಿ ಬೆಳೆಗಾರನ ಮನೆಯನ್ನು ಈ ಕಣ್ಣಿನಿಂದ ನೋಡಬೇಕು. ಬಿತ್ತನೆ, ಗೊಬ್ಬರ, ಔಷಧಿಗೆ ಸಾಲ ತಂದು, ಮಳೆ ಹೆಚ್ಚಾದರೆ ಕೊಳೆಯುವ, ಕಡಿಮೆಯಾದರೆ ಒಣಗುವ ಬೆಳೆಯನ್ನು ಕಾಯುವ ತಿಂಗಳುಗಳಲ್ಲಿ ಅಪ್ಪ ಒಬ್ಬ ಮನುಷ್ಯ. ಒಳ್ಳೆಯ ರೇಟು ಸಿಕ್ಕು ಮಾರುಕಟ್ಟೆಯಿಂದ ಬರುವಾಗ ಖಾರದ ಪೊಟ್ಟಣ, ಮಗಳಿಗೆ ಹೊಸ ಬ್ಯಾಗು ತರುವ ಅಪ್ಪ ಇನ್ನೊಬ್ಬ ಮನುಷ್ಯ. ಮಗುವಿಗೆ ಸಿಗುವ ತಂದೆ ಯಾರು ಎಂಬುದನ್ನು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯ ಈರುಳ್ಳಿ ದರ ನಿರ್ಧರಿಸುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಕೂಲಿ ಮನೆಯ ತಾಯಿಗೆ ಈ ಭಾರ ವಾರವಾರವೂ ಬರುತ್ತದೆ, ಸಂಘದ ಕಂತಿನ ರೂಪದಲ್ಲಿ. ಕಂತಿನ ದಿನದ ಹಿಂದಿನ ರಾತ್ರಿ ಮಗ ಪುಸ್ತಕ ಹಿಡಿದು ಬಂದು ‘ಅಮ್ಮಾ, ಇದೇನು’ ಎಂದರೆ, ‘ಹೋಗತ್ಲಾಗೆ’ ಎನ್ನುವುದು ಆ ಕ್ಷಣಕ್ಕೆ ಅವಳ ಬಾಯಿಂದ ಬರುವ ಮಾತು. ಮಗುವಿಗೆ ಹೊಡೆಯುವುದು ತಪ್ಪೇ, ಅದಕ್ಕೆ ಸಮರ್ಥನೆ ಇಲ್ಲ. ಆದರೆ ಉಳ್ಳವರ ಮಗ ಒಂದು ವರ್ಷ ಫೇಲಾದರೆ ಮತ್ತೊಂದು ಕಾಲೇಜಿದೆ. ಕೂಲಿ ಮನೆಯ ಹುಡುಗ ಶಾಲೆ ತಪ್ಪಿಸಿ ಒಂದು ವರ್ಷ ಅಲೆದರೆ ಮರಳಿ ಬರುವ ದಾರಿ ಬಹುತೇಕ ಮುಚ್ಚಿಹೋಗುತ್ತದೆ. ಆ ಬಡಿಗೆಯ ಹಿಂದೆ ಈ ದಿಗಿಲಿದೆ.

ಕಾಫಿ ಕೊಯ್ಲಿನ ಕಾಲದಲ್ಲಂತೂ ತಾಂಡಾಗಳ ಚಿತ್ರವೇ ಬೇರೆ. ಡಿಸೆಂಬರ್‌ನಿಂದ ಎರಡು–ಮೂರು ತಿಂಗಳು ಗಂಡ ಹೆಂಡಿರಿಬ್ಬರೂ ಮಲೆನಾಡಿನ ಎಸ್ಟೇಟಿನ ಲೈನ್ ಮನೆಗಳಿಗೆ ಹೋಗುತ್ತಾರೆ. ಮಕ್ಕಳನ್ನು ಜೊತೆಗೆ ಕರೆದೊಯ್ದರೆ ಶಾಲೆ ತಪ್ಪುತ್ತದೆ, ಬಿಟ್ಟುಹೋದರೆ ಕಣ್ಣು ಮಂಜಾದ ಅಜ್ಜಿಯೇ ಪೋಷಕಿ. ಪರೀಕ್ಷೆ ಹತ್ತಿರವಾಗುವ ತಿಂಗಳುಗಳೇ ಅವು.

‘ಆ ಹುಡುಗರ ಜೊತೆ ಸೇರಬೇಡ’

ನೆರೆಹೊರೆಯ ಪ್ರಭಾವ ಎಷ್ಟು ಎಂದು ಅಳೆಯುವುದು ಕಷ್ಟ. ಅಮೆರಿಕದಲ್ಲಿ 1990ರ ದಶಕದಲ್ಲಿ ಅದನ್ನು ಅಳೆಯಬಲ್ಲ ಪ್ರಯೋಗವೊಂದು ನಡೆಯಿತು. ಕಡುಬಡವರ ಬಡಾವಣೆಗಳಲ್ಲಿದ್ದ ಕುಟುಂಬಗಳಲ್ಲಿ ಕೆಲವರನ್ನು ಚೀಟಿ ಎತ್ತಿ ಆರಿಸಿ, ಬಡತನ ಕಡಿಮೆ ಇರುವ ಕಡೆ ಬಾಡಿಗೆ ಮನೆ ಹಿಡಿಯಲು ನೆರವು ಕೊಟ್ಟರು. ವರ್ಷಗಳ ನಂತರ ರಾಜ್ ಚೆಟ್ಟಿ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, 13 ವರ್ಷ ತುಂಬುವ ಮುನ್ನ ಹಾಗೆ ಹೊಸ ಬಡಾವಣೆಗೆ ಹೋದ ಮಕ್ಕಳು ಇಪ್ಪತ್ತೈದರ ಆಸುಪಾಸಿನಲ್ಲಿ ಉಳಿದವರಿಗಿಂತ ಶೇ 31ರಷ್ಟು ಹೆಚ್ಚು ಗಳಿಸುತ್ತಿದ್ದರು. ತಾಯ್ತಂದೆಯರ ಸಂಪಾದನೆ ಮಾತ್ರ ಹೆಚ್ಚಿರಲಿಲ್ಲ. ಬೀದಿ ಬದಲಾಯಿತು, ಮಗುವಿನ ಬದುಕು ಬದಲಾಯಿತು.

ನಮ್ಮಲ್ಲಿ ಉಳ್ಳವರು ಬೀದಿ ಬದಲಿಸುವುದಿಲ್ಲ, ಶಾಲೆ ಬದಲಿಸುತ್ತಾರೆ. ಒಂದು ಕಾಲಕ್ಕೆ ಗೌಡರ ಮಗನೂ ತಳವಾರನ ಮಗನೂ ಊರ ಒಂದೇ ಶಾಲೆಯ ಹಲಗೆ ಹಿಡಿದವರು. ಅಲ್ಲಿಯೂ ಅಸ್ಪೃಶ್ಯತೆ ಇತ್ತು, ಅದನ್ನು ಮರೆತು ಹಳೆಯ ಶಾಲೆಯನ್ನು ಸ್ವರ್ಗವೆಂದು ಬರೆಯುವುದು ಅನ್ಯಾಯ. ಆದರೂ ಎರಡು ಮನೆಯ ಮಕ್ಕಳು ಒಬ್ಬರನ್ನೊಬ್ಬರು ಕಾಣುತ್ತಿದ್ದರು. ಈಗ ವ್ಯಾನು ಅವರನ್ನು ಐದನೇ ವಯಸ್ಸಿಗೇ ಬೇರೆ ಮಾಡುತ್ತದೆ. ‘ಆ ಕಡೆ ಹುಡುಗರ ಜೊತೆ ಸೇರಬೇಡ’ ಎಂದು ಹೇಳುವ ಅಗತ್ಯವೇ ಉಳಿದಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಶೇ 25ರಷ್ಟು ಸೀಟನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಮೀಸಲಿಟ್ಟಾಗ ಈ ಗೋಡೆಯಲ್ಲಿ ಸಣ್ಣದೊಂದು ಬಾಗಿಲು ತೆರೆದಿತ್ತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಎಂಬಂತೆ ಕರ್ನಾಟಕ 2019–20ರಿಂದ ನಿಯಮ ಬದಲಿಸಿತು. ಬಾಗಿಲು ಬಹುತೇಕ ಮುಚ್ಚಿತು. ಸರ್ಕಾರಿ ಶಾಲೆ ಬಲಗೊಳ್ಳಲಿ ಎಂಬ ಉದ್ದೇಶ ಸರಿಯೇ. ಆದರೆ ಜೋರಾಗಿ ಮಾತಾಡಬಲ್ಲ, ಬಿಇಒ ಕಚೇರಿಗೆ ಫೋನ್ ಮಾಡಬಲ್ಲ ಪೋಷಕರೆಲ್ಲ ಹೊರಟುಹೋದ ಮೇಲೆ ಆ ಶಾಲೆಯ ಪರವಾಗಿ ಕೇಳುವವರು ಯಾರು?

ಮಗಳಿಗೆ ಎಷ್ಟು ದೂರ

ನೆರೆಹೊರೆಯ ಅಂಕುಶ ಹೆಣ್ಣುಮಕ್ಕಳಿಗೆ ಹೆಚ್ಚು ಚುಚ್ಚುತ್ತದೆ. ಊರಲ್ಲಿ ಏಳನೇ ತರಗತಿಯವರೆಗೆ ಶಾಲೆಯಿದೆ, ಹೈಸ್ಕೂಲು ನಾಲ್ಕೈದು ಕಿಲೋಮೀಟರ್ ಆಚೆ. ನಡುವೆ ನಿರ್ಜನ ರಸ್ತೆ, ಇಲ್ಲವೇ ತುಮಕೂರು–ಶಿವಮೊಗ್ಗ ಹೆದ್ದಾರಿ. ಮೈನೆರೆದ ಮಗಳನ್ನು ಆ ದಾರಿಯಲ್ಲಿ ಕಳಿಸಲು ಅಂಜುವ ತಾಯಿಯನ್ನು ನಾವು ಹಳೇ ಕಾಲದವಳು ಎನ್ನುತ್ತೇವೆ. ಅದೇ ತಾಯಿ ಮನೆ ಮುಂದೆ ಬಸ್ಸು ಬಂದು ನಿಂತರೆ ಮಗಳನ್ನು ಕಳಿಸುತ್ತಾಳೆ. ಎಂಟನೇ ತರಗತಿಯ ಮಕ್ಕಳಿಗೆ 2006–07ರಿಂದ ಕೊಡುತ್ತಿದ್ದ ಸೈಕಲ್ಲು ಕೊರೊನಾ ಕಾಲದಲ್ಲಿ ನಿಂತುಹೋದದ್ದರಿಂದ ಆದ ಹಾನಿಯನ್ನು ಇದರಿಂದ ಊಹಿಸಬಹುದು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಟಿಕೆಟ್ಟಿನ ಚಿಂತೆ ತಪ್ಪಿಸಿತು. ಬಸ್ಸೇ ಹೋಗದ ತಾಂಡಾದ ಹುಡುಗಿಗೆ ಆ ಉಚಿತ ಟಿಕೆಟ್ ತಲುಪಲಿಲ್ಲ.

ತಾಯ್ತಂದೆಗೆ ನೆರವಾಗುವ ಬೀದಿ

ಪೋಷಕರಿಗೆ ಬುದ್ಧಿ ಹೇಳುವ ಭಾಷಣಗಳಿಗಿಂತ ಅವರ ಸುತ್ತಲಿನ ವ್ಯವಸ್ಥೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಪುರಾವೆಗಳಿವೆ. ಅಂಗನವಾಡಿ ಶುರುವಾದದ್ದು 1975ರ ಅಕ್ಟೋಬರ್ 2ರಂದು, ಕರ್ನಾಟಕದಲ್ಲಿ ಟಿ. ನರಸೀಪುರದಲ್ಲಿ. ಲೇಖನದ ಆರಂಭದಲ್ಲಿ ಕಂಡ ಹುಡುಗಿ ತಮ್ಮನನ್ನು ಅಲ್ಲಿ ಬಿಟ್ಟು ಶಾಲೆಗೆ ಹೋಗಲು ಸಾಧ್ಯವಾಗಿರುವುದು ಅದರಿಂದ. ಮಧ್ಯಾಹ್ನದ ಬಿಸಿಯೂಟ, 2013ರಿಂದ ಬಂದ ಕ್ಷೀರಭಾಗ್ಯದ ಹಾಲು, ಆಮೇಲಿನ ಮೊಟ್ಟೆ, ಇವು ಕೂಲಿಗೆ ಹೋದ ತಾಯಿಯ ಎದೆಯಿಂದ ಒಂದು ಹೊತ್ತಿನ ಚಿಂತೆ ಇಳಿಸಿವೆ. ಗೃಹಲಕ್ಷ್ಮಿಯ ಎರಡು ಸಾವಿರ ಮನೆಯೊಡತಿಯ ಖಾತೆಗೆ ಬಿದ್ದಾಗ ನೋಟ್‌ಬುಕ್ಕಿಗೆ ಗಂಡನ ಮುಂದೆ ಕೈಚಾಚುವುದು ತಪ್ಪಿದೆ. ಉದ್ಯೋಗ ಖಾತರಿಗೆ ಬರುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ಗಳು ಬಂದಿವೆ. ಈರುಳ್ಳಿ ಹೊಲದ ಬದುವಿನಲ್ಲಿ ಹೊಂಗೆಮರಕ್ಕೆ ಸೀರೆಯ ಜೋಲಿ ಕಟ್ಟಿ, ಏಳು ವರ್ಷದ ಅಕ್ಕನನ್ನು ತೂಗಲು ಕೂರಿಸುವ ಪದ್ಧತಿ ನಿಲ್ಲಬೇಕಾದರೆ ಖಾಸಗಿ ಹೊಲಕ್ಕೆ ಹೋಗುವ ತಾಯಂದಿರಿಗೂ ಇವು ತೆರೆದಿರಬೇಕು, ಬೆಳಿಗ್ಗೆ ಗೂಡ್ಸ್ ಗಾಡಿ ಬರುವ ಮೊದಲೇ ಬಾಗಿಲು ತೆಗೆಯಬೇಕು.

ಕೊರೊನಾ ಕಾಲದ ಒಂದು ಪ್ರಯತ್ನವನ್ನು ನಾವು ಬೇಗ ಮರೆತೆವು. 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ದ ಹೆಸರಲ್ಲಿ ಶಿಕ್ಷಕರು ಕೇರಿಗಳಿಗೆ, ತಾಂಡಾಗಳಿಗೆ ಹೋಗಿ, ಗುಡಿಯ ಜಗಲಿ, ಮರದ ನೆರಳಿನಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಕಡೂರು ತಾಲ್ಲೂಕಿನ ಯಗಟಿಯವರೇ ಆದ, ಕ್ಷೇತ್ರದ ಶಾಸಕರೂ ಆಗಿದ್ದ ವೈ.ಎಸ್.ವಿ. ದತ್ತ ಅದೇ ವರ್ಷ ಫೇಸ್‌ಬುಕ್ಕಿನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪಾಠ ಮಾಡಿದ್ದನ್ನು ಈ ಸೀಮೆಯವರು ನೆನಪಿಟ್ಟಿದ್ದಾರೆ. ಆದರೆ ಫೋನು ಇರುವ ಮನೆ, ಇಲ್ಲದ ಮನೆ ಎಂಬ ಗೆರೆ ಅಲ್ಲಿಯೂ ಇತ್ತು. ಮೇಷ್ಟ್ರು ತಾಂಡಾಕ್ಕೆ ಬಂದಾಗ ಆದ ಲಾಭ ಬೇರೆ: ಮಗುವಿನ ಮನೆ ಎಲ್ಲಿದೆ, ಎಷ್ಟು ಜನ, ಓದಲು ಮೂಲೆ ಇದೆಯೇ, ತಾಯಿ ಎಷ್ಟು ಗಂಟೆಗೆ ಬರುತ್ತಾಳೆ ಎಂಬುದನ್ನು ಅವರು ಕಣ್ಣಾರೆ ಕಂಡರು. ಹಾಗೆ ಕಂಡ ಶಿಕ್ಷಕರ ಬಾಯಲ್ಲಿ ‘ಕಾಳಜಿನೇ ಇಲ್ಲ’ ಎಂಬ ಮಾತು ಸುಲಭವಾಗಿ ಬರಲಾರದು.

ಸರ್ಕಾರಿ ಶಾಲೆಗಳಲ್ಲಿ ಪೋಷಕರೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು, ಅಂದರೆ ಎಸ್‌ಡಿಎಂಸಿಗಳನ್ನು ಕರ್ನಾಟಕ 2001ರಲ್ಲಿಯೇ ರಚಿಸಿತು. ಕೂಲಿ ಮನೆಯ ತಾಯಿಗೆ ಶಾಲೆಯಲ್ಲಿ ಪ್ರಶ್ನೆ ಕೇಳುವ ಅಧಿಕಾರ ಕೊಟ್ಟ ವ್ಯವಸ್ಥೆ ಅದು. ಸಭೆ ಕರೆಯುವುದು ಸಾಮಾನ್ಯವಾಗಿ ಶಾಲೆಯ ವೇಳೆಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೋ ಮಧ್ಯಾಹ್ನ ಮೂರಕ್ಕೋ. ಆ ಹೊತ್ತಿಗೆ ಅವಳು ಹೊಲದಲ್ಲಿರುತ್ತಾಳೆ. 2025–26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿಯೇ 370 ರೂಪಾಯಿ ಇತ್ತು. ಸಭೆಗೆ ಬಾ ಎಂದರೆ ಅಷ್ಟನ್ನು ಬಿಟ್ಟು ಬಾ ಎಂದಂತೆ. ಹಾಜರಿ ಪುಸ್ತಕದಲ್ಲಿ ‘ಗೈರು’ ಎಂದು ಬರೆಯುವ ಮುಂಚೆ, ತಿಂಗಳಿಗೊಮ್ಮೆ ಸಭೆಯನ್ನು ಸಂಜೆ ಏಳಕ್ಕೆ, ತಾಂಡಾದಲ್ಲೋ ಕಾಲೊನಿಯ ಸಮುದಾಯ ಭವನದಲ್ಲೋ ಇಟ್ಟು ನೋಡಬಹುದು. ಇದಕ್ಕೆ ಹೊಸ ಕಾಯ್ದೆ ಬೇಡ, ಅನುದಾನ ಬೇಡ. ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಅಧ್ಯಕ್ಷರು ಕೂತು ಈ ತಿಂಗಳಿನಿಂದಲೇ ತೀರ್ಮಾನ ಮಾಡಬಹುದು.